ಕ್ಯಾಸೆಟ್ಟಿನ ಮೊದಲ ಬದಿ ಮುಗಿಯುವಲ್ಲಿ

ಮಳೆ ಬಂದು ನಿಂತು ಇನ್ನೂ ಒಂದು ಗಳಿಗೆಯಾಗಿರಲಿಲ್ಲ. ನಗರದ ರಾಜಮಾರ್ಗಗಳೂ ಓಣಿಗಳೂ, ಎತ್ತರೆತ್ತರದ ಕಟ್ಟಡಗಳ ಸಾಲುಕಿಟಕಿಗಳೂ, ನಿಲ್ದಾಣದಲ್ಲಿ ತಂಗಿದ ಬಸ್ಸುಗಳ ನೆನೆದ ಬೆನ್ನುಗಳೂ, ಮೇಘಮಾಲೆಯ ಸೆರಗನ್ನು ತುಸುವೇ ಸರಿಸಿ ಇಣುಕಿದ ಅಪರಾಹ್ಣದ ಸುವರ್ಣಕಾಂತಿಯನ್ನು ಮೈತುಂಬ ಹೊದ್ದು, ಮಿಂದು ಬಂದವರು ಬಾಗಿಲ ಮೆಟ್ಟಿಲ ಮೇಲೆ ತಲೆಗೂದಲು ಆರಿಸುತ್ತ ಕುಳಿತ ಹಾಗೆ ಪ್ರಸನ್ನವಾಗಿದ್ದವು. ಮರಗಳಡಿ ಇನ್ನೂ ಹನಿಯುತ್ತಿತ್ತು... ಆಕಾಶದಲ್ಲಿ ಮುಗಿದ ಮಳೆ ಎಲೆಗಳಲ್ಲಿ ಮುಗಿದಿರಲಿಲ್ಲ. ವಾರದ ಆರು ದಿನ ಯಾರನ್ನೋ ಅಟ್ಟಿಸಿಕೊಂಡು ಹೋಗುವಂತೆ ಓಡುವ ಈ ಊರು ಭಾನುವಾರದ ಮಧ್ಯಾಹ್ನ ಕಳೆದ ಮೇಲೆ ಮಾತ್ರ ಹೀಗೆ ಉಸ್ಸೆಂದು ಕೂರುತ್ತದೆ.

ಸಹೃದಯ ಓದುಗರೇ, ಇಂಥ ಬೆಳಕಿನಲ್ಲಿ ಒಬ್ಬರೇ ನಡೆದು ಹೋಗುವವರನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದುಂಟೆ? ಜೋಡಿಯಾಗಿ ಹೋಗುವವರಿಗೆ ದಾರಿಯ ಪರಿವೆಯಿಲ್ಲ. ಗುಂಪಿನಲ್ಲಿ ಹೋಗುವವರಿಗೆ ದಾರಿಯೇ ಬೇಕಿಲ್ಲ. ಒಂಟಿಯಾಗಿ ನಡೆಯುವವರು ಮಾತ್ರ ನೀರು ನಿಂತ ಒಂದೊಂದು ಗುಂಡಿಯನ್ನೂ ಪರಿಚಯಸ್ಥರಂತೆ ಮಾತಾಡಿಸಿಕೊಂಡು ದಾಟುತ್ತಾರೆ. ಹಾಗೆ ದಾಟುತ್ತ, ನೇರಳೆ ಬಣ್ಣದ ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ತುಸು ಎತ್ತಿಹಿಡಿದು, ಬಲಗೈಯಲ್ಲಿ ಸಂಗೀತ ಕಚೇರಿಯ ಟಿಕೆಟನ್ನು ಎಲ್ಲಿ ಹಾರಿಹೋದೀತೋ ಎಂಬಂತೆ ಹಿಡಿದುಕೊಂಡು ಬರುತ್ತಿದ್ದಳು ಚಿಕ್ಕಿ.

ಚಿಕ್ಕಿ ಎಂದರೆ ಅವಳ ಅಕ್ಕನ ಮಕ್ಕಳಿಗೆ ಚಿಕ್ಕಿ. ಆದರೆ ಅಕ್ಕರೆಯ ಹೆಸರು ಮನೆಯೊಳಗೆ ನಿಲ್ಲುತ್ತದೆಯೇ? ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯ ಮುದುಕ ಮಾಲೀಕರೂ, ಎದುರು ಮನೆಯ ದರ್ಜಿಯೂ ಹಾಗೇ ಕರೆಯುತ್ತಿದ್ದಾಗ ನಾವು ಮಾತ್ರ ಬೇರೆ ಕರೆಯುವುದೇಕೆ? ನಲವತ್ತಮೂರರ ವಯಸ್ಸು, ಮಾತು ಕಡಿಮೆ, ನಗು ಅದಕ್ಕಿಂತ ಸ್ವಲ್ಪ ಜಾಸ್ತಿ. ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ನೀರು ತೊಟ್ಟಿಕ್ಕುವ ಸಾಣೆಚಕ್ರದ ಮುಂದೆ ಕುಳಿತು, ಗಾಜಿನ ಅಂಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕಸುಬು. ಆ ಬಡಾವಣೆಯ ಅರ್ಧ ಜನ ಲೋಕವನ್ನು ನೋಡುತ್ತಿದ್ದುದು ಚಿಕ್ಕಿ ಉಜ್ಜಿದ ಗಾಜಿನಲ್ಲೇ. ಮದುವೆಯ ಮಾತು ಬಂದಾಗಲೆಲ್ಲ ಅಮ್ಮನ ಕಾಯಿಲೆ ಅಡ್ಡ ಬಂದಿತ್ತು. ಅಮ್ಮ ಹೋದ ಮೇಲೆ ಮಾತೇ ಬರಲಿಲ್ಲ.

ಅಕ್ಕನಿಗೆ ಇದೇ ಕೊರಗು. ಹೋದ ವಾರ ಬಂದವಳು ಬಾಗಿಲಲ್ಲೇ ನಿಂತು ಹೇಳಿಬಿಟ್ಟಿದ್ದಳು: "ಒಬ್ಬಳೇ ಎಷ್ಟು ದಿನ ಅಂತ ಇರ್ತೀಯೇ? ನಮ್ಮನೆ ಹಿಂದಿನ ರೂಮು ಖಾಲಿ ಇದೆ. ಬಂದುಬಿಡು. ಭಾನುವಾರದೊಳಗೆ ಒಂದು ಮಾತು ಹೇಳು, ಇಲ್ಲಾಂದ್ರೆ ನಿಮ್ಮ ಭಾವ ಅದನ್ನ ಬಾಡಿಗೆಗೆ ಕೊಡ್ತಾರಂತೆ."

ಅಕ್ಕನ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ; ಅದೇ ಕಷ್ಟ. ಕೆಟ್ಟವರಿಗಾದರೆ ಬೇಡವೆನ್ನಬಹುದು, ಪ್ರೀತಿಯವರಿಗೆ ಹೇಗೆ ಹೇಳುವುದು? ತನ್ನ ಎರಡು ಕೋಣೆಗಳ ಮನೆ, ಬೆಳಗಿನ ಬಿಸಿಲು ಬೀಳುವ ಆ ಕಿಟಕಿ, ತನಗೆ ಬೇಕಾದಾಗ ಬೇಕಾದಷ್ಟು ಹೊತ್ತು ಸುಮ್ಮನಿರಬಹುದಾದ ಆ ಸೌಖ್ಯ... ಇವು ನಿಜವಾಗಿ ಸುಖವೋ, ಅಥವಾ ಬೇರೆ ಗತಿಯಿಲ್ಲದೆ ರೂಢಿಯಾದ ಒಂದು ನೆಪವೋ ಎಂದು ಅವಳಿಗೇ ತಿಳಿಯದೆ ಆರು ದಿನ ಅಡಕತ್ತರಿಯಲ್ಲಿ ಸಿಕ್ಕ ಹಾಗಾಗಿತ್ತು. ಕೊನೆಗೆ ತನ್ನೊಡನೆ ತಾನೇ ಒಂದು ಪಂಥ ಕಟ್ಟಿದಳು. ಈ ಸಂಜೆ, ಜೀವಮಾನದಲ್ಲಿ ಮೊದಲ ಸಲ, ಒಬ್ಬಳೇ ಕಚೇರಿಗೆ ಹೋಗುವುದು. ಮನಸ್ಸು ತುಂಬಿ ಹೊರಬಂದರೆ ತನ್ನ ಮನೆಯಲ್ಲೇ ಇರುವುದು. ಯಾರಾದರೂ ಜೊತೆಗಿದ್ದಿದ್ದರೆ ಎಂದು ಜೀವ ಹಿಂಡಿಕೊಂಡರೆ ಅಕ್ಕನ ಹಿಂದಿನ ಕೋಣೆಗೆ ಗಂಟುಮೂಟೆ ಕಟ್ಟುವುದು.

ಕಚೇರಿ ಯಾರದೆಂದು ಹೇಳಲಿಲ್ಲ ಅಲ್ಲವೇ? ಪಿಟೀಲಮ್ಮನದು. ಆ ವೃದ್ಧ ಕಲಾವಿದೆಯನ್ನು ರಸಿಕರು ಕರೆಯುತ್ತಿದ್ದುದೇ ಹಾಗೆ. ಯೌವನದಲ್ಲಿ ಆಕೆ ತಾನೇ ರಚಿಸಿದ, ಮುಕ್ಕಾಲು ಗಂಟೆಯ ಒಂದು ದೀರ್ಘಕೃತಿಯಿತ್ತು. ಒಂದೇ ಒಂದು ಕ್ಯಾಸೆಟ್ಟಾಗಿ ಬಂದು ಮತ್ತೆಂದೂ ಅಚ್ಚಾಗಲಿಲ್ಲ. ಮುಕ್ಕಾಲು ಗಂಟೆಯ ನಾದವನ್ನು ಕ್ಯಾಸೆಟ್ಟಿನ ಒಂದು ಬದಿ ಹಿಡಿದೀತೇ? ಸ್ವರಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟು ಏರುತ್ತ ಏರುತ್ತ ಇನ್ನೇನು ಶಿಖರ ಮುಟ್ಟಬೇಕು ಎನ್ನುವಲ್ಲಿ ಮೊದಲ ಬದಿ ಮುಗಿಯುತ್ತಿತ್ತು. ಎರಡನೆಯ ಬದಿ ಶುರುವಾಗುವಾಗ ಪಿಟೀಲು ಆಗಲೇ ಇಳಿಜಾರಿನಲ್ಲಿ ಸಾವಧಾನವಾಗಿ ಇಳಿಯುತ್ತಿರುತ್ತಿತ್ತು. ಚಿಕ್ಕಿಯ ಮನೆಯ ಹಳೆಯ ಟೇಪ್ ರೆಕಾರ್ಡರೋ ಮಹಾ ಹೊಟ್ಟೆಬಾಕ. ಬದಿ ಮುಗಿದ ತಕ್ಷಣ ಗುಂಡಿ ಒತ್ತದಿದ್ದರೆ ಟೇಪನ್ನೇ ನುಂಗಿಬಿಡುತ್ತಿತ್ತು. ಆದ್ದರಿಂದ ಒಳಕೋಣೆಯ ಮಂಚದಲ್ಲಿ ಅಮ್ಮನ ಕಾಲೊತ್ತುತ್ತ ಕುಳಿತ ಚಿಕ್ಕಿ, ಆ ಏರುಸ್ವರ ಕೇಳಿದೊಡನೆ ದಿಗ್ಗನೆದ್ದು ಹೊರಕೋಣೆಗೆ ಓಡುವಳು. ಹತ್ತೊಂಬತ್ತು ವರ್ಷ ಹೀಗೆ ಎದ್ದಿದ್ದಳು. ಅಮ್ಮ ಹೋದ ಮೇಲೂ ಎದ್ದಳು.

ಸಭಾಭವನದಲ್ಲಿ ಅವಳ ಕುರ್ಚಿ ಏಳನೆಯ ಸಾಲಿನ ಅಂಚಿನದು. ದೀಪಗಳು ಹಾಲ್ಗೆನೆಯ ಬಣ್ಣದಲ್ಲಿ ಬೆಳಗುತ್ತಿದ್ದವು. ಜನ ಇಬ್ಬಿಬ್ಬರಾಗಿ, ನಾಲ್ವರಾಗಿ ಬಂದು, ಒಬ್ಬರಿಗೊಬ್ಬರು ಜಾಗ ಹಿಡಿದು, ಕರೆದು, ಕೈಬೀಸಿ, ನಕ್ಕು ಕೂರುತ್ತಿದ್ದರು. ಪಕ್ಕದಲ್ಲಿ ಗಂಡನೊಂದಿಗೆ ಬಂದಿದ್ದ ಹೆಂಗಸೊಬ್ಬರು ಚಿಕ್ಕಿಯತ್ತ ಬಾಗಿದರು.

"ನಿಮ್ಮ ಜೊತೆಯವರು ಇನ್ನೂ ಬರಬೇಕಾ? ಒಟ್ಟಿಗೆ ಕೂರೋದಾದ್ರೆ ನಾವು ಆಚೆ ಸರೀತೀವಿ."

"ಇಲ್ಲ... ನಾನೊಬ್ಬಳೇ."

"ಓ," ಎಂದರು ಆಕೆ. ಬರಿಯ ಒಂದಕ್ಷರ. ಆದರೆ ಅದರೊಳಗೆ ಅಕ್ಕನ ಇಡೀ ಭಾಷಣ ಅಡಗಿತ್ತು. ಚಿಕ್ಕಿ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಕಚೇರಿ ಶುರುವಾಗುವ ಮುನ್ನವೇ ಪಂಥ ಸೋತೆನೇನೋ ಎನಿಸಿತು.

ಅಷ್ಟರಲ್ಲಿ ಪಿಟೀಲಮ್ಮ ಬಂದರು. ಎಪ್ಪತ್ತರ ಮೇಲಿನ ಸಣಕಲು ದೇಹ, ಹತ್ತಿಯಂತೆ ಬಿಳುಪಾದ ಕೂದಲು, ನಡಿಗೆಯಲ್ಲಿ ಸಣ್ಣ ಕುಂಟು. ಮಾತಿಲ್ಲ, ಕತೆಯಿಲ್ಲ, ಕುಳಿತರು, ಎದೆಗೆ ಪಿಟೀಲನ್ನು ಆನಿಸಿದರು, ಕಣ್ಣು ಮುಚ್ಚಿದರು. ಮೊದಲ ಸ್ವರ ಹೊಮ್ಮಿತು... ಅಯ್ಯೋ, ಹತ್ತೊಂಬತ್ತು ವರ್ಷ ಕೇಳಿದ್ದು ಇದನ್ನೇ ಏನು! ಟೇಪಿನ ಸರಸರ ಸದ್ದಿನ ಹಿಂದೆ, ಮಂಜು ಹಿಡಿದ ಗಾಜಿನಾಚೆಯ ಮುಖದಂತೆ ಮಸುಕಾಗಿ ಕಂಡಿದ್ದ ಆ ನಾದಸುಂದರಿ, ಇಂದು ಯಾರೋ ಗಾಜನ್ನು ಒರೆಸಿಬಿಟ್ಟಂತೆ ಎದುರಿಗೇ ಬಂದು ನಿಂತಿದ್ದಳು. ಬಿಲ್ಲು ತಂತಿಯನ್ನು ತಾಕುವ ಮುನ್ನಿನ ಉಸಿರೂ ಕೇಳಿಸುತ್ತಿತ್ತು. ಚಿಕ್ಕಿ ಪಕ್ಕದವರನ್ನು ಮರೆತಳು, ಪಂಥವನ್ನು ಮರೆತಳು, ಕೈಚೀಲ ಜಾರಿ ಬಿದ್ದದ್ದನ್ನೂ ಅರಿಯಳು. ಸ್ವರಗಳು ಏರತೊಡಗಿದವು. ಒಂದರ ಹೆಗಲ ಮೇಲೊಂದು... ಇನ್ನೂ ಮೇಲೆ... ಇನ್ನೂ...

ಚಿಕ್ಕಿ ದಿಗ್ಗನೆ ಎದ್ದು ನಿಂತಳು.

ಎದ್ದು ಒಂದು ಹೆಜ್ಜೆ ಇಟ್ಟೂ ಬಿಟ್ಟಳು. ಬಲಗೈ ತಾನಾಗಿ ಮುಂದೆ ಚಾಚಿ, ಎದುರಿಗಿಲ್ಲದ ಯಂತ್ರದ ಇಲ್ಲದ ಗುಂಡಿಯನ್ನು ಹುಡುಕಿತು. ಆ ಮೇಲಷ್ಟೇ ತಾನೆಲ್ಲಿದ್ದೇನೆಂಬ ಪ್ರಜ್ಞೆ ಮರಳಿದ್ದು. ಆರುನೂರು ಜನ ಉಸಿರು ಬಿಗಿಹಿಡಿದು ಕೂತ ಸಭೆಯ ನಟ್ಟನಡುವೆ ನೇರಳೆ ಸೀರೆಯುಟ್ಟು ಕಂಬದಂತೆ ನಿಂತಿದ್ದಾಳೆ! ನೆಲ ಬಾಯಿ ಬಿಡಬಾರದೇ ಎನಿಸಿತು. ಕೂರಬೇಕೆಂದು ಮೊಣಕಾಲನ್ನು ಬಗ್ಗಿಸಿದಳು, ಆದರೆ ಕೂರಲಾಗಲಿಲ್ಲ.

ಏಕೆಂದರೆ ಪಿಟೀಲು ನಿಂತಿರಲಿಲ್ಲ. ಟೇಪು ಮುಗಿಯುವ ಜಾಗವನ್ನು ದಾಟಿ, ಅದು ಚಿಕ್ಕಿ ಎಂದೂ ಕೇಳಿರದ ಸೀಮೆಯೊಳಗೆ ಕಾಲಿಟ್ಟಿತ್ತು. ಹೆಚ್ಚೆಂದರೆ ಅರ್ಧ ನಿಮಿಷದ ನಾದ. ಶಿಖರವೆಂದು ಅವಳು ಊಹಿಸಿದ್ದೆಡೆ ಶಿಖರವೇ ಇರಲಿಲ್ಲ. ಅಲ್ಲೊಂದು ವಿಶಾಲವಾದ ಬಯಲಿತ್ತು. ಏರಿ ಬಂದ ಸ್ವರಗಳೆಲ್ಲ ಅಲ್ಲಿ ದಣಿವಾರಿಸಿಕೊಳ್ಳುತ್ತ, ಯಾರಿಗೂ ಏನನ್ನೂ ಸಾಬೀತು ಮಾಡಬೇಕಿಲ್ಲದವರ ಹಾಗೆ, ಮೆಲ್ಲಗೆ, ತಮ್ಮಷ್ಟಕ್ಕೆ ತಾವು ನಗುತ್ತಿದ್ದವು. ತಾನು ಎದ್ದು ಓಡಿದ ಪ್ರತಿಸಲವೂ, ಗುಂಡಿಯೊತ್ತಿ ಕ್ಯಾಸೆಟ್ಟು ಮಗುಚಿ ಹಾಕುತ್ತಿದ್ದ ಆ ಒಂದೊಂದು ಮೌನದಲ್ಲೂ, ಇಷ್ಟು ಸುಖ ಇತ್ತೇ? ತುಂಡಾದದ್ದು ಟೇಪು ಮಾತ್ರ. ಹಾಡು ಎಂದೂ ತುಂಡಾಗಿರಲಿಲ್ಲ. ಚಿಕ್ಕಿಯ ಕಣ್ಣು ತುಂಬಿ ನೀರು ಕೆನ್ನೆಗಿಳಿಯಿತು. ನಿಂತೇ ಕೇಳಿದಳು. ಇಳಿಜಾರು ಶುರುವಾಗಿ, ಎರಡನೆಯ ಬದಿಯ ಪರಿಚಿತ ಮೊದಲ ಸ್ವರ ಕಿವಿಗೆ ಬಿದ್ದ ಮೇಲೆ ಮೆಲ್ಲನೆ ಹಿಂದಕ್ಕೆ ತಿರುಗಿದಳು.

ಆಗ ಕಂಡಿತು. ಸಭೆಯ ಆ ತುದಿಯಲ್ಲಿ, ಗೋಡೆಯ ಪಕ್ಕದ ಸಾಲಿನಲ್ಲಿ, ಇನ್ನೊಬ್ಬರು ನಿಂತಿದ್ದರು. ನರೆತ ಕಿವಿಗೂದಲಿನ, ಅಗಲ ಭುಜದ ಮನುಷ್ಯ; ಅವರ ಬಲಗೈಯೂ ಅವಳದರಂತೆಯೇ ಎದುರಿಗೆ ಚಾಚಿ, ಬೆರಳುಗಳು ಗಾಳಿಯಲ್ಲಿ ಏನನ್ನೋ ಒತ್ತಲು ಹೋಗಿ ಅರ್ಧಕ್ಕೇ ನಿಂತಿದ್ದವು. ಎರಡು ಜೊತೆ ಕಣ್ಣುಗಳು ಆರುನೂರು ತಲೆಗಳ ಮೇಲೆ ಒಮ್ಮೆ ಸಂಧಿಸಿದವು... ಇಬ್ಬರೂ ತಂತಮ್ಮ ಜಾಗದಲ್ಲಿ ಒಂದೇ ಸಲಕ್ಕೆ ಕುಳಿತರು.

ಕೃತಿ ಮುಗಿದು, ಚಪ್ಪಾಳೆಯ ಸುರಿಮಳೆ ನಿಂತ ಮೇಲೆ, ಪಿಟೀಲಮ್ಮ ಮೊದಲ ಬಾರಿಗೆ ಮೈಕನ್ನು ಹತ್ತಿರಕ್ಕೆಳೆದುಕೊಂಡರು.

"ಮೊದಮೊದಲು ನಾನು ಅಳ್ತಿದ್ದೆ," ಎಂದರು. "ಯಾವ ಊರಿಗೆ ಹೋದ್ರೂ ಈ ಜಾಗಕ್ಕೆ ಬಂದಾಗ ನಾಲ್ಕೋ ಐದೋ ಜನ ಎದ್ದುಬಿಡೋರು. ನನ್ನ ವಾದ್ಯ ಸಾಕಾಗಿ ಎದ್ದು ಹೋಗ್ತಿದಾರೆ ಅಂದ್ಕೊಳ್ತಿದ್ದೆ. ಆಮೇಲೆ ಒಬ್ಬರು ಬಂದು ಕ್ಯಾಸೆಟ್ಟಿನ ವಿಷಯ ಹೇಳಿದ್ರು. ಆವತ್ತಿಂದ ಈ ಜಾಗ ಬಂದಾಗ ಕಣ್ಣು ಬಿಟ್ಟು, ನುಡಿಸ್ತಾ ಕಾಯ್ತೀನಿ, ಯಾರು ಏಳ್ತಾರೆ ಅಂತ. ವರ್ಷಾವರ್ಷ ಕಮ್ಮಿ ಆಗ್ತಾ ಬಂತು. ಇವತ್ತು ಇಬ್ಬರು." ಆಕೆ ಪಿಟೀಲನ್ನು ಮಡಿಲಿಗಿಳಿಸಿಕೊಂಡರು. "ನನಗೆ ಸಾಕು."

ಸಭೆ ನಕ್ಕಿತು, ಮತ್ತೆ ಚಪ್ಪಾಳೆ ತಟ್ಟಿತು. ಪಕ್ಕದ ಹೆಂಗಸು ಕೆಳಗೆ ಬಿದ್ದಿದ್ದ ಕೈಚೀಲವನ್ನು ಎತ್ತಿ ಒರೆಸಿ ಚಿಕ್ಕಿಯ ಕೈಗಿತ್ತರು. "ಪುಣ್ಯವಂತರು ನೀವು," ಎಂದರು. ಈ ಸಲ ಆ ದನಿಯಲ್ಲಿ ಅಯ್ಯೋ ಪಾಪ ಇರಲಿಲ್ಲ.

ಹೊರಗೆ ಇನ್ನೂ ಬೆಳಕಿತ್ತು. ಮೆಟ್ಟಿಲ ಬುಡದಲ್ಲಿ ಆ ಮನುಷ್ಯ ಒಂದು ಕಾಲು ಕೆಳಗೆ, ಒಂದು ಕಾಲು ಮೇಲೆ ಇಟ್ಟುಕೊಂಡು ನಿಂತಿದ್ದರು. ಕಾಯುತ್ತಿದ್ದಾರೆಂಬುದು ಸ್ಪಷ್ಟ, ಕಾಯುತ್ತಿಲ್ಲವೆಂದು ತೋರಿಸಿಕೊಳ್ಳುವ ಪ್ರಯತ್ನ ಇನ್ನೂ ಸ್ಪಷ್ಟ.

"ನಿಮ್ಮದೂ ಟೇಪ್ ನುಂಗೋ ಮಿಷಿನ್ನಾ?" ಎಂದರು.

"ಹೂಂ. ಎರಡು ಸಲ ನುಂಗಿ, ಪೆನ್ಸಿಲ್ಲಲ್ಲಿ ಸುತ್ತಿ ಸರಿ ಮಾಡಿದೀನಿ."

"ನಾನು ಲಿಫ್ಟ್ ರಿಪೇರಿಯವನು. ಇಡೀ ಊರಿನ ಲಿಫ್ಟ್ ರಿಪೇರಿ ಮಾಡ್ತೀನಿ, ಅದೊಂದು ಮಾತ್ರ ನನ್ನ ಕೈಗೆ ಬಗ್ಗಲಿಲ್ಲ." ಸ್ವಲ್ಪ ತಡೆದು, ದನಿ ತಗ್ಗಿಸಿ, "ಆ ನಡುವಿಂದು... ಕೇಳಿದ್ರಾ?" ಎಂದರು.

"ಕೇಳಿದೆ."

ಅವರು ತಲೆಯಾಡಿಸಿ, ಮೇಲಿದ್ದ ಕಾಲನ್ನೂ ಕೆಳಗಿಳಿಸಿದರು.

"ಇಲ್ಲೇ ಮೂಲೇಲಿ ಒಳ್ಳೆ ಕಾಫಿ ಸಿಗತ್ತೆ. ನಿಮಗೆ ಅಭ್ಯಂತರ ಇಲ್ಲ ಅಂದ್ರೆ..."

ಚಿಕ್ಕಿ ಯೋಚಿಸಿದಳು. ಹೃದಯ ಹೂಂ ಎನ್ನುತ್ತಿತ್ತು; ಅದನ್ನು ಅವಳು ತನ್ನಿಂದ ತಾನೇ ಮುಚ್ಚಿಡಲಿಲ್ಲ. ಆದರೆ ಆ ಅರ್ಧ ನಿಮಿಷ ಇನ್ನೂ ಒಳಗೆ ಬೆಚ್ಚಗೆ ಕೂತಿತ್ತು. "ಇವತ್ತು ಬೇಡ," ಎಂದಳು. "ಇವತ್ತು ಕೇಳಿದ್ದನ್ನ ಮನೆ ತನಕ ಒಬ್ಬಳೇ ತಗೊಂಡು ಹೋಗ್ಬೇಕು ಅನ್ನಿಸ್ತಿದೆ. ಗುರುವಾರ ನಮ್ಮ ಅಂಗಡಿಗೆ ರಜೆ. ಗುರುವಾರ ಕುಡಿಯೋಣ."

"ನಮಗೆ ಗುರುವಾರ ರಜೆ ಇಲ್ಲ." ಅವರ ಮುಖದಲ್ಲಿ ನಗು ಹರಡಿತು. "ಆದ್ರೆ ಎಲ್ಲೋ ಒಂದು ಲಿಫ್ಟು ಕೆಟ್ಟು ನಿಂತಿದೆ ಅಂತ ಹೇಳಿ ಬರ್ತೀನಿ. ನಾಲ್ಕು ಗಂಟೆ?"

"ನಾಲ್ಕು ಗಂಟೆ."

ತೊಳೆದ ಬೀದಿಯಲ್ಲಿ ಮನೆಯತ್ತ ನಡೆಯುತ್ತ ಚಿಕ್ಕಿ ತನ್ನನ್ನು ತಾನೇ ಪರೀಕ್ಷೆಗೆ ಕೂರಿಸಿಕೊಂಡಳು. ಗಿರಾಕಿಯ ಕಣ್ಣಿಗೆ ಒಂದೊಂದೇ ಗಾಜು ಹಾಕಿ, ಈಗ ಸ್ಪಷ್ಟವೋ, ಈಗಲೋ ಎಂದು ಕೇಳುವ ಹಾಗೆ, ಬಿಡದೆ ಕೇಳಿಕೊಂಡಳು. ಪಂಥ ಪಂಥವೇ, ಅದರಲ್ಲಿ ದಾಕ್ಷಿಣ್ಯವಿಲ್ಲ. ಈ ಸಂತೋಷ ಆ ಮನುಷ್ಯ ಕೊಟ್ಟದ್ದೇ? ಅಲ್ಲ. ಕಣ್ಣು ತುಂಬಿದ್ದು ಮೊದಲು; ಅವರನ್ನು ಕಂಡದ್ದು ಆಮೇಲೆ. ಆ ಅರ್ಧ ನಿಮಿಷ ಅವಳು ಸಭೆಯಲ್ಲಿ ಎಲ್ಲರಿಗಿಂತ ಒಂಟಿಯಾಗಿ ನಿಂತಿದ್ದಳು, ಎಲ್ಲರಿಗಿಂತ ತುಂಬಿಯೂ ನಿಂತಿದ್ದಳು. ಉತ್ತರ ಸಿಕ್ಕಿತ್ತು. ರಸ್ತೆಯಂಚಿಗೆ ನಿಂತು, ಕಚೇರಿಯ ವಿಷಯ ಮೊದಲೇ ತಿಳಿದಿದ್ದ ಅಕ್ಕನಿಗೆ ಫೋನ್ ಮಾಡಿದಳು.

"ಮುಗೀತಾ? ಒಬ್ಬಳೇ ಕೂತು ಬೇಜಾರಾಯ್ತೇನೋ," ಎಂದಳು ಅಕ್ಕ.

"ಇಲ್ಲಕ್ಕ. ಹಿಂದಿನ ರೂಮು ಬಾಡಿಗೆಗೆ ಕೊಟ್ಟುಬಿಡಿ ಅಂತ ಭಾವಂಗೆ ಹೇಳು."

ಅತ್ತ ಅಕ್ಕನ ಅಡುಗೆಮನೆಯ ನಲ್ಲಿ ಸುರಿಯುವ ಸದ್ದು ಕೇಳಿಸುತ್ತಿತ್ತು; ಅದು ನಿಂತಿತು. "ನಿನ್ನ ದನಿ ಚೆನ್ನಾಗಿದೆ ಇವತ್ತು," ಎಂದಳು ಕೊನೆಗೆ. "ಸರಿ, ಹೇಳ್ತೀನಿ. ಗುರುವಾರ ರಜೆ ಅಲ್ವಾ? ಮನೆಗೆ ಬಾ."

"ಗುರುವಾರ ಆಗಲ್ಲಕ್ಕ," ಎಂದಳು ಚಿಕ್ಕಿ. "ನಂಗೆ ಕೆಲಸ ಇದೆ."

ಓದುಗ ಮಹಾಶಯರೇ, ಮಾನವಹೃದಯ ಬರಿದಾದ ಪಾತ್ರೆಯೆಂದೂ, ಇನ್ನೊಬ್ಬರು ಬಂದು ಅದನ್ನು ತುಂಬಬೇಕೆಂದೂ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಹಾಗಿರಲಾರದೆಂದು ನನಗೆ ತೋರುತ್ತದೆ. ಹೃದಯ ತುಂಬುವುದು ತನ್ನಷ್ಟಕ್ಕೆ ತಾನೇ, ಯಾರೂ ನೋಡದಾಗ, ಯಾವುದೋ ಒಂದು ಅರ್ಧ ನಿಮಿಷದಲ್ಲಿ... ಹಾಗೆ ತುಂಬಿದ ಮೇಲೆ ಅದಕ್ಕೊಂದು ಸಣ್ಣ ಆಸೆ ಹುಟ್ಟುತ್ತದೆ, ನೀವೂ ಕೇಳಿದಿರಾ ಎಂದು ಮೆಲ್ಲಗೆ ವಿಚಾರಿಸುವವರೊಬ್ಬರು ಇದ್ದರೆ ಚೆನ್ನು ಎಂದು. ಪ್ರೇಮವೆಂದರೆ ಬಹುಶಃ ಅಷ್ಟೇ. ಮತ್ತು ತುಂಬಿದ ಹೃದಯಕ್ಕೆ ಅವಸರವಿಲ್ಲದ್ದರಿಂದ, ಅದು ಗುರುವಾರದ ತನಕ ನೆಮ್ಮದಿಯಿಂದ ಕಾಯಬಲ್ಲದು.