ಕೊನೇ ಸಾಲಿನ ಹೂಗಳು

ಬಗರೂ ಊರಿನಲ್ಲಿ, ಬಟ್ಟೆಗೆ ಅಚ್ಚೊತ್ತುವ ಛೀಪರ ಓಣಿಯಲ್ಲಿ ಕಜೋಡ್‌ಮಲ್‌ನಷ್ಟು ಜಂಬದ ಅಚ್ಚುಗಾರ ಇನ್ನೊಬ್ಬನಿರಲಿಲ್ಲ. ಹಿಂದೊಮ್ಮೆ ಉಳಿ ಜಾರಿ ತೋರುಬೆರಳಿನ ತುದಿ ಹೋದದ್ದು ಬಿಟ್ಟರೆ ತನ್ನ ಕೈಯಲ್ಲಿ ಕುಂದೇ ಇಲ್ಲ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಹೆಂಡತಿ ಧಾಪೂ ಮದುವೆಯಾಗಿ ಬಂದಾಗಿನಿಂದ ಬಟ್ಟೆ ಒಗೆದಳು, ಕುದಿಸಿದಳು, ಒಣಗಿಸಿದಳು. ಅಚ್ಚೊತ್ತುವ ಮೇಜಿನ ಹತ್ತಿರ ಮಾತ್ರ ಅವಳನ್ನು ಸುಳಿಯಗೊಡುತ್ತಿರಲಿಲ್ಲ. ಅವಳಿಗೋ ಅದೊಂದೇ ಆಸೆ.

ಒಂದು ದಿನ ಅವಳ ಕಾಟ ತಡೆಯಲಾರದೆ ಅವನು ರೊಟ್ಟಿ ಮುರಿಯುತ್ತಾ ಅಂದ: "ಒಂದು ಥಾನು ಬಟ್ಟೇಲಿ ಹೂಗಳಿಗೆಲ್ಲ ಕೆಂಪು ತುಂಬಿ ತೋರ್ಸು, ನೋಡೋಣ. ಕೆಂಪು ಎಲ್ಲೂ ಕಪ್ಪು ಗೆರೆ ದಾಟಬಾರ್ದು. ಒಂದು ಹೂವೂ ಖಾಲಿ ಉಳೀಬಾರ್ದು. ಗೆದ್ರೆ ಮೇಜಲ್ಲಿ ನಿಂಗೂ ಜಾಗ. ಸೋತ್ರೆ ಮತ್ತೆ ಆ ಮಾತೆತ್ತಬಾರ್ದು."

"ಸೊಸೆ ಕೇಳಿಸ್ಕೊಂಡಿದಾಳೆ. ಆಮೇಲೆ ಮಾತು ತಿರುಗಿಸಬೇಡಿ," ಅಂದಳು ಧಾಪೂ.

ಮಾತು ಕೊಟ್ಟವನು ಮೇಜು ಬಿಟ್ಟು ಕದಲಬೇಕಲ್ಲ! ಕೊನೆಗೆ ದಿನಾ ಮಧ್ಯಾಹ್ನ ಅವನು ಮಂಚದ ಮೇಲೆ ಗೊರಕೆ ಶುರುಮಾಡಿದ ಮೇಲೆ ಧಾಪೂ ಕೆಲಸಕ್ಕಿಳಿಯುತ್ತಿದ್ದಳು. ಕಪ್ಪು ಗೆರೆಯ ಹೂಗಳಷ್ಟೇ ಬಿದ್ದಿದ್ದ ಥಾನಿನಲ್ಲಿ ಒಂದೊಂದು ಹೂವಿನೊಳಗೂ ಪಟಿಕದ ಗೋಂದು ಒತ್ತಿದಳು. ಕಣ್ಣಿಗೆ ಕಾಣಲೆಂದು ಗಂಡಸರು ಅದಕ್ಕೆ ಕೆಮ್ಮಣ್ಣು ಬೆರೆಸುತ್ತಾರೆ. ಇವಳು ಬೆರೆಸಲಿಲ್ಲ. ಕಂಡರೆ ಅರ್ಧಕ್ಕೇ ಕಿತ್ತುಕೊಂಡು ತಪ್ಪು ಹುಡುಕುವ ಆಸಾಮಿ ಅವನು. ಒಣಗಿತೋ, ಬರೀ ಪಟಿಕ ಮಾಯ. ಮಂಜಿಷ್ಠದ ಬೇರಿನ ಬಣ್ಣದ ಹಂಡೆಯಲ್ಲಿ ಕುದ್ದಾಗಲೇ ಅದು ಕೆಂಪಾಗಿ ಏಳುವುದು.

ಒಂದೇ ಒಂದು ಸಾಲು ಉಳಿದಿತ್ತು. ಅಷ್ಟರಲ್ಲಿ ಮಂಚದ ಕಡೆಯಿಂದ ಕೆಮ್ಮು ಕೇಳಿಸಿತು. ಧಾಪೂ ಎದ್ದೆನೋ ಬಿದ್ದೆನೋ ಎಂದು ಒಳಗೋಡಿದಳು.

ಮರುದಿನ ಬೆಳಿಗ್ಗೆ ಕಜೋಡ್‌ಮಲ್ ಆ ಥಾನನ್ನೂ ತಾನೇ ತಂದು ಹಂಡೆಗೆ ಎಸೆದ. ತಡೆದರೆ ಕೆಲಸ ಮುಗಿದಿಲ್ಲವೆಂದು ಧಾಪೂ ತಾನೇ ಒಪ್ಪಿಕೊಂಡಂತೆ. ಖಾಲಿ ಸಾಲು ನೆನೆದು ಅವಳಿಗೆ ಅಳುವೇ ಬಂತು.

ಹೊತ್ತು ಏರಿದ ಮೇಲೆ ಸೊಸೆ ನೌತಿ ಕೋಲಿನಿಂದ ಥಾನನ್ನು ಎತ್ತಿ ಹರಡಿದಳು. ದಾಳಿಂಬೆಯಂಥ ಕೆಂಪು! ಒಂದು ಹೂವೂ ಗೆರೆ ದಾಟಿರಲಿಲ್ಲ. ಧಾಪೂ ಹೆದರುತ್ತಾ ಕೊನೇ ಸಾಲಿಗೆ ಬಂದಳು. ಅದೂ ತುಂಬಿತ್ತು! ಆದರೆ ಅಲ್ಲಿನ ಹೂಗಳೆಲ್ಲ ಸೊಟ್ಟಂಬಟ್ಟ. ಕೆಂಪು ಗೆರೆ ದಾಟಿ ಅತ್ತಿತ್ತ ಚೆಲ್ಲಿತ್ತು.

ಮಾವನ ಮುಂದೆ ಮಾತಾಡದ ನೌತಿ ಸೆರಗಿನೊಳಗಿಂದಲೇ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು: "ಅತ್ತೇ, ಈ ಮೂಲೇಲಿ ಯಾರದೋ ಅಂಗೈ ಮೂಡಿದೆ. ತೋರುಬೆರಳು ಮೊಂಡು."

ಧಾಪೂ ತನ್ನ ಬೆರಳುಗಳನ್ನು ನೋಡಿಕೊಂಡಳು. ಎಲ್ಲವೂ ನೆಟ್ಟಗಿದ್ದವು. ಕಜೋಡ್‌ಮಲ್ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಆಕಾಶ ನೋಡುತ್ತಿದ್ದ.

"ಗೊರಕೆ ಹೊಡೀತಾನೇ ಒತ್ತಿರ್ಬೇಕು ಪಾಪ, ಯಾರೋ," ಅಂದಳು ಧಾಪೂ.

ಅವನಿಗೆ ತಡೆಯಲಾಗಲಿಲ್ಲ. "ನೀನು ಬಿಟ್ಟೋಡಿದ ಸಾಲು ರಾತ್ರಿ ನಾನೇ ತುಂಬೋಣ ಅಂದ್ರೆ, ಕೆಮ್ಮಣ್ಣಿಲ್ಲದೆ ಯಾರಿಗೆ ಕಾಣುತ್ತೆ? ಒತ್ತಿದ್ದು ಎಲ್ಲಿ, ಒತ್ತಬೇಕಾದ್ದು ಎಲ್ಲಿ, ಒಂದೂ ಗೊತ್ತಾಗ್ಲಿಲ್ಲ. ನೀನು ಅಷ್ಟುದ್ದ ಹೇಗೆ ಒತ್ತಿದ್ಯೇ ಪುಣ್ಯಾತ್ಗಿತ್ತಿ!"

ಧಾಪೂಗೆ ಕಣ್ಣು ತುಂಬಿ ಬಂತು. ಅಷ್ಟು ವರ್ಷದಲ್ಲಿ ಅವನ ಬಾಯಿಂದ ಬಿದ್ದ ಮೊದಲ ಹೊಗಳಿಕೆ ಅದು. ಸೆರಗಿನಿಂದ ಮುಖ ಒರೆಸಿಕೊಂಡು ನೇರ ಮೇಜಿನ ಹತ್ತಿರ ನಡೆದಳು, ಅಚ್ಚು ಕೈಗೆತ್ತಿಕೊಂಡಳು.

"ಸರೀರಿ ಆ ಕಡೆ. ಕೊನೇ ಸಾಲು ಹೇಗೆ ತುಂಬೋದು ಅಂತ ತೋರಿಸ್ತೀನಿ."

ಅವನು ಸರಿದು ನಿಂತ.