ಉಪವಾಸಕ್ಕೊಂದು ರೊಟ್ಟಿ

"ಲೋ ಬೋಳಿಮಗನೇ, ನಿನ್ನ ಹೆತ್ತವ್ವ ಬೆಂಕೀಲಿ ಬೇಯ್ತಾ ಅವಳೆ, ನೀನಿಲ್ಲಿ ಕಂಬಕ್ಕೆ ಒರಗ್ಕಂಡು ಆಕಳಿಸ್ತಿದೀಯಾ?"

ಪೀಠದ ಮೇಲಿಂದ ಸನ್ಯಾಸಿ ಅನ್ಸೆಲ್ಮ್ ಚಾಚಿದ ಬೆರಳು ನೇರ ಬಾರ್ತೆಲನ ಮೂಗಿಗೇ ಬಂದು ನಿಂತಿತು. ಇಗರ್ಜಿ ತುಂಬಿದ್ದ ಜನ ಗೊಳ್ಳೆಂದು ನಕ್ಕರು. ಬೇಯುತ್ತಿರುವುದು ತಮ್ಮವ್ವ ಅಲ್ಲವಲ್ಲ!

ಬಾರ್ತೆಲನಿಗೆ ಆಕಳಿಕೆ ಬಂದದ್ದು ಹಸಿವಿಗೆ. ಬೆಳ್ಳಿ ಗಣಿಗೆ ನೀರು ನುಗ್ಗಿ ಕೆಲಸ ನಿಂತ ಚಳಿಗಾಲದಲ್ಲೇ ಅವನವ್ವ ಸತ್ತಿದ್ದಳು. ಹಿಮ ಜಾಸ್ತಿಯೆಂದು ಊರ ಪಾದ್ರಿ ಹೊಸ್ತಿಲು ದಾಟಲಿಲ್ಲ. ಪಾಪನಿವೇದನೆಯಿಲ್ಲದೆ ಸತ್ತವಳು ಸ್ವರ್ಗಕ್ಕೂ ಸಲ್ಲದೆ ನರಕಕ್ಕೂ ಸಲ್ಲದೆ ನಡುವಿನ ಬೆಂಕಿಯಲ್ಲಿದ್ದಾಳೆ ಎಂದು ಆಮೇಲೆ ಅದೇ ಪಾದ್ರಿ ಹೇಳಿದ. ಸ್ಯಾಕ್ಸನಿಯ ಊರೂರು ತಿರುಗಿ ಪೋಪರ ಕ್ಷಮಾಪತ್ರ ಮಾರುವ ಈ ಸನ್ಯಾಸಿ, ಪತ್ರ ಕೊಂಡ ಗಳಿಗೆಗೇ ಅವಳನ್ನು ಹೊರಗೆಳೆಯುತ್ತೇನೆ ಎನ್ನುತ್ತಿದ್ದ.

ಕಾಸಿನ ಪೆಟ್ಟಿಗೆ ಇಟ್ಟಿದ್ದ ಮೇಜಿನ ಹಿಂದೆ ಸನ್ಯಾಸಿಯ ಗುಮಾಸ್ತ ಕೂತಿದ್ದ.

"ಕಾಸಿಲ್ಲ ಬುದ್ಧಿ," ಎಂದ ಬಾರ್ತೆಲ.

"ಕಾಸಿಲ್ಲದೋರಿಗೂ ಪೋಪರು ದಾರಿ ಇಟ್ಟವ್ರೆ. ಉಪವಾಸ ಮಾಡು," ಎಂದ ಗುಮಾಸ್ತ.

ಬಾರ್ತೆಲನ ಮುಖ ಅರಳಿತು. "ಮಾಡ್ತಾನೇ ಇವ್ನಿ! ಗಣಿ ನಿಂತಾಗಿಂದ ಗೆಡ್ಡೆ ಸಿಪ್ಪೆ ಬೇಯ್ಸಿದ ನೀರು ಬಿಟ್ರೆ ಹೊಟ್ಟೆಗೇನೂ ಬಿದ್ದಿಲ್ಲ. ಎಲ್ಲಾನೂ ಅವ್ವನ ಲೆಕ್ಕಕ್ಕೆ ಹಾಕ್ಕಳಿ."

"ಥೂ, ಅದು ಉಪವಾಸ ಅಲ್ಲ ಕಣಯ್ಯ, ಹಸಿವು. ಎದುರಿಗೆ ರೊಟ್ಟಿ ಇರ್ಬೇಕು, ಇದ್ದೂ ಬಿಡ್ಬೇಕು. ಇಲ್ದಿರೋದನ್ನ ಬಿಡೋಕೆ ನೀನ್ಯಾವ ಸಂತ?"

"ರೊಟ್ಟಿ ಎಲ್ಲಿಂದ ತರ್ಲಿ?"

"ಅದನ್ನ ಪೋಪರು ಬರೆದಿಲ್ಲ."

ಬೇಕರಿಯ ಕುಂಟ್ಸ್ ಒಂದು ಕರಿ ರೊಟ್ಟಿಯನ್ನು ಕೈಗಡ ಕೊಟ್ಟ. ಹಲ್ಲಿನ ಗುರುತು ಬಿದ್ದರೆ ಬೇಸಿಗೆಯವರೆಗೂ ಹಿಟ್ಟಿನ ಮೂಟೆ ಹೊರಬೇಕೆಂಬ ಕರಾರಿನ ಮೇಲೆ. ಬಾರ್ತೆಲ ಅದನ್ನು ತೊಡೆಯ ಮೇಲಿಟ್ಟುಕೊಂಡು ಇಗರ್ಜಿಯ ಮೆಟ್ಟಿಲ ಮೇಲೆ ಕೂತ.

ಮಾರನೆಯ ದಿನ ಗಣಿಯ ಗೆಳೆಯ ಲೊರೆನ್ಸ್ ಪಕ್ಕಕ್ಕೆ ಬಂದು ಕುಕ್ಕರಿಸಿದ. "ನಿಮ್ಮವ್ವಂದು ಆಯ್ತೇನ್ಲಾ? ಈಕಡೆ ಕೊಡು, ನಮ್ಮಪ್ಪಂದು ಒಂದೀಟು ಮಾಡ್ಕತೀನಿ."

"ಮೂಸ್ಬೇಡ ಕಣ್ಲಾ! ಮುರಿದು ಬಿದ್ದಾತು ಉಪವಾಸ."

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ತುಂಬ ಜನ. ರೊಟ್ಟಿ ಕಂಕುಳ ಕೂಸಿನಂತೆ ತೊಡೆಯಿಂದ ತೊಡೆಗೆ ದಾಟುತ್ತಿತ್ತು. ಪತ್ರ ಕೊಳ್ಳಲು ಬಂದ ವಿಧವೆ ವಾಲ್‌ಪುರ್ಗ ಕಾಸಿನ ಚೀಲವನ್ನು ಮತ್ತೆ ಎದೆಗೆ ತುರುಕಿಕೊಂಡಳು. "ಪುಕ್ಸಟ್ಟೆ ಸಿಗೋದಕ್ಕೆ ದುಡ್ಡ್ಯಾಕೆ ಸುರೀಲಿ? ಸರೀರಿ ಅಂಚಿಗೆ."

ಒಳಗೆ ಪೆಟ್ಟಿಗೆಯ ಸದ್ದು ನಿಂತುಹೋಯಿತು. ಸನ್ಯಾಸಿ ಎದ್ದೆನೋ ಬಿದ್ದೆನೋ ಎಂದು ಹೊರಗೆ ಬಂದ. ಹಿಂದೆಯೇ ಲೆಕ್ಕದ ಪುಸ್ತಕ ಹಿಡಿದು ಗುಮಾಸ್ತ.

"ಏನ್ರೋ ಇದು, ಹಂದಿಗಳ ಸಂತೆ?"

ಬಾರ್ತೆಲ ಎದ್ದು ನಿಂತ. ರೊಟ್ಟಿ ನೋಡುತ್ತ ಕೂತವನಿಗೆ ಏನೋ ನೆನಪಾಗಿತ್ತು. "ಎದುರಿಗಿದ್ದ ರೊಟ್ಟಿ ತಿನ್ನದೇ ಇದ್ರೆ ಉಪವಾಸ ತಾನೇ ಬುದ್ಧಿ? ನಮ್ಮವ್ವ ದಿನಾ ಅದನ್ನೇ ಮಾಡೋಳು. ತನ್ನ ತುಂಡನ್ನ ಈಕಡೆ ತಳ್ಳಿ, ನಂಗೆ ಹಸಿವಿಲ್ಲ ಕಣಪ್ಪಾ ಅನ್ನೋಳು. ಅವಳ್ಯಾಕೆ ಬೇಯ್ಬೇಕು?"

"ನೋಡ್ದೋರು ಯಾರು?"

"ನಾನೇ. ತಿಂದೋನೂ ನಾನೇ."

ಸನ್ಯಾಸಿ ಒಂದು ಗಳಿಗೆ ಗಡ್ಡ ಕೆರೆದುಕೊಂಡ. "ದೇವರಿಗೋಸ್ಕರ ಬಿಟ್ಟಳೋ, ನಿನಗೋಸ್ಕರ ಬಿಟ್ಟಳೋ?"

"ನನಗೋಸ್ಕರ."

"ನೋಡು ಮತ್ತೆ! ದೇವರಿಗಿಂತ ಮಗ ಹೆಚ್ಚಾದ. ಅದೇ ದೊಡ್ಡ ಪಾಪ." ಗುಮಾಸ್ತನ ಕಡೆ ತಿರುಗಿದ. "ಮುದುಕಿಗೆ ಇನ್ನೊಂದು ನೂರು ವರ್ಷ ಬೆಂಕಿ ಜಾಸ್ತಿ ಬರ್ಕಳಯ್ಯ."

ಗುಮಾಸ್ತ ಬರೆದುಕೊಂಡ.

ಬಾರ್ತೆಲ ವಾಲ್‌ಪುರ್ಗಳ ಮಡಿಲಿಂದ ರೊಟ್ಟಿ ಎತ್ತಿಕೊಂಡು ಮೊಣಕಾಲಿಗೆ ಕುಕ್ಕಿ ಮುರಿದ. ಒಂದು ತುಂಡು ಅವಳಿಗೆ, ಒಂದು ಲೊರೆನ್ಸನಿಗೆ. ಉಳಿದದ್ದನ್ನು ಚೂರುಚೂರು ಮಾಡಿ ಚಾಚಿದ ಕೈಗಳಿಗೆ ಹಾಕಿದ. ಕೊನೆಯ ಚೂರನ್ನು ಸನ್ಯಾಸಿಯ ಕಣ್ಣೆದುರೇ ತನ್ನ ಬಾಯಿಗೆ ತುರುಕಿಕೊಂಡ.

"ಲೋ ಹಡಬೆ ನನ್ಮಗನೇ!" ಸನ್ಯಾಸಿಯ ಗಂಟಲು ಹರಿಯಿತು. "ನಿಮ್ಮವ್ವ ಅಲ್ಲಿ ಬಾಯಿ ಬಡ್ಕತಾವಳೆ! ಅವಳಿಗೆ ಏನಂತ ಹೇಳ್ಲೋ? ಲೋ!"

ಬಾರ್ತೆಲ ಅಗಿಯುತ್ತ ಅಗಿಯುತ್ತ ಮೆಟ್ಟಿಲಿಳಿದು, ಬೀದಿಗೆ ಬಿದ್ದು ನಡೆದೇಬಿಟ್ಟ.