ಮುಳುಗಿದವನ ಕಲ್ಲು

ಥಾರ್ನಮ್ ಊರಿನ ಚರ್ಚ್ ಅಂಗಳದಲ್ಲಿ ತನ್ನ ಪೂರ್ವಜ ಜೇಬೆಜ್ ಪೆಗ್‌ನ ಸಮಾಧಿ ಕಲ್ಲಿನ ಸುತ್ತ ಸಿರಿಲ್ ಪೆಗ್ ಐವತ್ತೆಂಟು ವರ್ಷಗಳಿಂದ ಪ್ರತಿ ಶನಿವಾರ ಹುಲ್ಲು ಕತ್ತರಿಸುತ್ತಿದ್ದ. ಸಾಯುವ ಮುನ್ನ ಅವನ ತಾಯಿ ಕೇಳಿಕೊಂಡಿದ್ದು ಅದೊಂದೇ ಮಾತು. ತಮ್ಮನ ಮದುವೆ ಶನಿವಾರವೇ ಬಿದ್ದಾಗಲೂ ಸಿರಿಲ್ ಹುಲ್ಲು ಮುಗಿಸಿಯೇ ಹೋಗಿದ್ದ. ಮದುವೆ ಫೋಟೋದಲ್ಲಿ ಅವನ ಮಂಡಿಯ ಮೇಲಿನ ಹಸಿರು ಕಲೆ ಇಂದಿಗೂ ಕಾಣುತ್ತದೆ.

ಕಲ್ಲಿನ ಕೆಳಗೆ ಯಾರೂ ಇಲ್ಲವೆಂಬುದು ಊರಿಗೆಲ್ಲ ಗೊತ್ತು. ಜೇಬೆಜ್ ಅಮೆರಿಕಕ್ಕೆ ಹೋಗುವಾಗ ೧೮೫೧ರಲ್ಲಿ ಹಡಗಿನಿಂದ ಬಿದ್ದು ಸತ್ತನೆಂದು ಕಲ್ಲೇ ಹೇಳುತ್ತಿತ್ತು. ಅವನ ಹೆಂಡತಿ ಕೆಜಾಯಾ ಮೂರು ಮಕ್ಕಳನ್ನು ಕಟ್ಟಿಕೊಂಡು, ಊರವರ ಬಟ್ಟೆ ಒಗೆದು ಆ ಕಲ್ಲು ನಿಲ್ಲಿಸಿದ್ದಳು. ಅವಳಿಗೆ ಮಾತ್ರ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅವಳನ್ನು ಆ ಕಲ್ಲಿನ ಎಡಕ್ಕೆ, ಗುರುತಿಲ್ಲದೆ ಹೂತರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲಂತೆ. ಜೇಬೆಜ್ ತಲೆಮಾರಿನಿಂದ ತಲೆಮಾರಿಗೆ ಒಳ್ಳೆಯವನಾಗುತ್ತ ಹೋದ. ಸಿರಿಲ್‌ನ ಕಾಲಕ್ಕೆ ಬರುವಷ್ಟರಲ್ಲಿ ಯಾರದೋ ಮಗುವನ್ನು ಉಳಿಸಲು ಹಾರಿ ಮುಳುಗಿದ್ದ.

ಮೇ ತಿಂಗಳ ಒಂದು ಶನಿವಾರ ಅಮೆರಿಕದ ಇಂಡಿಯಾನಾದಿಂದ ವರ್ಲೀನ್ ಎಂಬ ಎಪ್ಪತ್ತರ ಹೆಂಗಸು ಬಂದಳು. ವಂಶದ ಮೂಲ ಹುಡುಕುತ್ತಿದ್ದಳಂತೆ. ಕಲ್ಲನ್ನು ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.

"ಇವ್ರು ತೀರ್ಕೊಂಡಿದ್ದು ೧೮೯೧ರಲ್ಲಿ ಕಣ್ರೀ," ಎಂದಳು. "ಹಾಸಿಗೆ ಮೇಲೆ. ನಮ್ಮ ಮುತ್ತಜ್ಜ. ಎಂಟು ಮಕ್ಕಳು."

"ಅದ್ಯಾರೋ ಬೇರೆ ಜೇಬೆಜ್ ಇರ್ಬೇಕು ತಾಯಿ. ನಮ್ಮವ್ರು ಮುಳುಗಿದ್ರು."

ವರ್ಲೀನ್ ಚೀಲದಿಂದ ಫೋಟೋ ತೆಗೆದಳು. ಕುರ್ಚಿಯಲ್ಲಿ ಗಡ್ಡದ ಮುದುಕ, ಪಕ್ಕದಲ್ಲಿ ಹೆಂಡತಿ, ಹಿಂದೆ ಮಕ್ಕಳ ಸಾಲು. ಅಪ್ಪ ಮಕ್ಕಳೆಲ್ಲರ ಕಿವಿಯೂ ತೆರೆದ ಕಿಟಕಿಯ ಬಾಗಿಲಿನಂತೆ ಆಚೆ ಚಾಚಿತ್ತು. ಸಿರಿಲ್ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಮುಳುಗಿದವನ ಲೆಕ್ಕದಲ್ಲಿ ಜೇಬೆಜ್ ಚೆನ್ನಾಗಿಯೇ ಮೈ ತುಂಬಿಕೊಂಡಿದ್ದ.

"ಇದೂ ಅವ್ರ ಬೈಬಲ್ಲಿನೊಳಗಿತ್ತು. ಯಾಕೆ ಇಟ್ಕೊಂಡಿದ್ರೋ ನಮಗೆ ತಿಳೀಲೇ ಇಲ್ಲ," ಎಂದು ವರ್ಲೀನ್ ಒಂದು ಕಾಗದ ಕೊಟ್ಟಳು.

ಸಿರಿಲ್ ಓದಿದ. "ಅಯ್ಯಾ, ಅಲ್ಲಿ ಮದುವೆಯಾದೆನೆಂದು ನೀವು ಬರೆದ ಪತ್ರ ತಲುಪಿತು. ನನ್ನ ಗಂಡ ಸಮುದ್ರದಲ್ಲಿ ಮುಳುಗಿ ಸತ್ತಿದ್ದಾರೆ. ಹೋದ ವಾರ ಕಲ್ಲು ನಿಲ್ಲಿಸಿದೆ, ಒಳ್ಳೆಯ ಕಲ್ಲು. ಸತ್ತವರಿಂದ ಪತ್ರ ಬಂದರೆ ಮಕ್ಕಳು ಹೆದರುತ್ತವೆ. ಇನ್ನು ಬರೆಯಬೇಡಿ. ಕೆಜಾಯಾ ಪೆಗ್, ವಿಧವೆ."

ಸಿರಿಲ್‌ಗೆ ಸಿಟ್ಟು ಬಂತು. ಹೆಂಡತಿ ಮಕ್ಕಳನ್ನು ಬಿಟ್ಟು ಕಾಲಿಗೆ ಬುದ್ಧಿ ಹೇಳಿದವನ ಮುಂದೆ ಐವತ್ತೆಂಟು ವರ್ಷ ಮಂಡಿಯೂರಿದ್ದೆನಲ್ಲ! ಕೆಜಾಯಾ ಅವನಿಗೆ ಎಂದೋ ಎಳ್ಳುನೀರು ಬಿಟ್ಟಿದ್ದಳು. ಬಿಡದೆ ಕೂತಿದ್ದವನು ತಾನೊಬ್ಬನೇ.

"ಕಲ್ಲು ತಿದ್ದಿಸೋಣ," ಎಂದಳು ವರ್ಲೀನ್. "ಸುಳ್ಳು ಹೀಗೆ ನಿಂತಿರೋದು ಸರಿಯಲ್ಲ."

"ಬೇಡ. ಕೆಜಾಯಾ ಸಾಯಿಸಿದ್ದಾಳೆ, ಸತ್ತೇ ಇರ್ಲಿ ಬಿಡಿ."

ಇನ್ನು ಈ ಕೆಲಸ ಸಾಕೆಂದು ಅವನು ಮಂಡಿಗೆ ಹಾಸುವ ಗೋಣಿಚೀಲ ಎತ್ತಿಕೊಂಡ. ಬಲಗಡೆ ಮುಳ್ಳಿನ ಪೊದೆ ಇದ್ದುದರಿಂದ ಅದನ್ನು ಯಾವಾಗಲೂ ಎಡಕ್ಕೇ ಹಾಸುತ್ತಿದ್ದ. ಅಲ್ಲಿ ನೆಲ ಕುಸಿದು ಎರಡು ಮಂಡಿಗಳ ಗುಳಿ ಬಿದ್ದಿತ್ತು. ಹುಲ್ಲು ಒಂದೆಳೆಯೂ ಇರಲಿಲ್ಲ.

ಸಿರಿಲ್ ಟೋಪಿ ತೆಗೆದ. ಆ ಗುಳಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಏನಾಯ್ತಣ್ಣ?" ಎಂದಳು ವರ್ಲೀನ್.

"ಈ ಗುಳಿಯ ಕೆಳಗಿರೋದು ಕೆಜಾಯಾ," ಎಂದು ಅವನು ಕತ್ತರಿಯನ್ನು ಅವಳ ಕೈಗಿಟ್ಟ. "ತಗೊಳ್ಳಿ. ನಿಮ್ಮ ಮುತ್ತಜ್ಜನ ಹುಲ್ಲು ನೀವೇ ಕತ್ತರಿಸಿ. ಮುಳ್ಳಿನ ಕಡೆಯಿಂದ ಕೂತ್ಕೊಳ್ಳಿ."

"ಕೆಳಗೆ ಯಾರೂ ಇಲ್ವಲ್ರೀ!"

"ನಾನೂ ಇಷ್ಟು ವರ್ಷ ಯಾರೂ ಇಲ್ಲದ ಕಲ್ಲಿಗೇ ಹುಲ್ಲು ಕತ್ತರಿಸಿದ್ದು."

ವರ್ಲೀನ್ ಮುಳ್ಳಿನ ಪಕ್ಕ ಮಂಡಿಯೂರಿದಳು. ಸಿರಿಲ್ ಆ ಬೋಳು ನೆಲಕ್ಕೆ ಹುಲ್ಲಿನ ಬೀಜ ತರಲು ಹೊರಟ. ಬೀಜವಿದ್ದ ಶೆಡ್ಡಿಗೆ ನೇರ ದಾರಿ ಕಲ್ಲಿನ ಎಡಗಡೆಯಿಂದಲೇ ಇತ್ತು. ಅವನು ಸುತ್ತಿ ಬಳಸಿ ಹೋದ.